ಸಿದ್ದಕ್ಕ ಕಾಡಿನಲ್ಲಿ ಅತಿಥಿಯನ್ನು ಹುಡುಕಿದ್ದು

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಹೊಸದರಲ್ಲಿ ಧಾರವಾಡ ಸೀಮೆಯಿಂದ ಕೆಲಸ ಅರಸಿ ಬಂದ ಸಂಸಾರಗಳು ಅನೇಕ. ಅವುಗಳಲ್ಲಿ ಒಂದು, ತಂದೆತಾಯಿ ಇಲ್ಲದೆ ನಾಲ್ವರು ಒಡಹುಟ್ಟಿದವರೇ ಕೂಡಿ ಕಟ್ಟಿಕೊಂಡ ಸಂಸಾರ. ಸಿದ್ದಕ್ಕ ಹಿರಿಯಳು. ಅವಳ ಬೆನ್ನಿಗೆ ದುರ್ಗಪ್ಪ, ಆಮೇಲೆ ಮಲಕಪ್ಪ, ಎಲ್ಲರಿಗಿಂತ ಕಿರಿಯಳು ಮಾಲವ್ವ. ದುರ್ಗಪ್ಪನಿಗೆ ಕಾರ್ಖಾನೆಯೊಳಗೆ ಕೆಲಸ ಸಿಕ್ಕಿತು. ಮಲಕಪ್ಪ ಮೀಸೆ ಮೂಡುತ್ತಲೇ ಲಾರಿಗಳಿಂದ ಬಿದಿರು ಇಳಿಸುವ ಗುಂಪಿಗೆ ಸೇರಿದ. ಸಿದ್ದಕ್ಕ ಚಾಳಿನ ಕೋಣೆಯಲ್ಲಿ ಒಲೆ ಹೂಡಿ, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕೆಲಸಗಾರರಿಗೆ ರೊಟ್ಟಿ ಬಡಿದು ಕೊಡುತ್ತ ಮನೆ ನಡೆಸಿದಳು. ಅವಳ ಮದುವೆಯ ಮಾತು ತೆಗೆದವರಿಗೆಲ್ಲ, ಮೊದಲು ಮಾಲವ್ವ ತನ್ನ ಜಡೆ ತಾನೇ ಹೆಣೆದುಕೊಳ್ಳುವಂತಾಗಲಿ ಎಂದು ಉತ್ತರ ಕೊಡುತ್ತಿದ್ದಳಂತೆ. ಮಾಲವ್ವ ಜಡೆ ಹೆಣೆದುಕೊಳ್ಳುವುದನ್ನು ಕಲಿತು, ನೆರೆಮನೆಯ ಹುಡುಗಿಯರಿಗೂ ಹೆಣೆಯುವಷ್ಟು ದೊಡ್ಡವಳಾದ ಮೇಲೂ ಆ ಉತ್ತರ ಬದಲಾಗಲಿಲ್ಲ.

ಆ ಚಾಳಿನಲ್ಲಿ ಶ್ರಾವಣದ ಸಂಜೆಗಳಲ್ಲಿ ನಾಲ್ಕು ಒಳ್ಳೆಯ ಮಾತು ಹೇಳುವ ಸೇವೆ ನನ್ನ ಪಾಲಿಗೆ ಬಂದಿತ್ತು. ದಾಸೋಹದ ವಿಷಯವಾಗಿ ನಾನು ಗಂಟೆಗಟ್ಟಲೆ ಹೇಳಿದ್ದನ್ನು ಸಿದ್ದಕ್ಕ ತನ್ನ ಒಲೆಯ ಮುಂದೆ ಮಾತಿಲ್ಲದೆ ಮಾಡಿ ತೋರಿಸುತ್ತಿದ್ದಳು. ಆದುದರಿಂದ ಅವಳ ಕತೆಯನ್ನು ಬರೆದಿಡುವುದು ನನ್ನ ಧರ್ಮವೆಂದು ತಿಳಿದಿದ್ದೇನೆ. ಅದನ್ನು ನನಗೆ ಹೇಳಿದವರು ಆ ನಾಲ್ವರೇ. ಎಲ್ಲರೂ ಕೂಡಿ, ಒಬ್ಬರ ಬಾಯಿಂದ ಒಬ್ಬರು ಮಾತನ್ನು ಕಸಿದುಕೊಳ್ಳುತ್ತ, ನಗುತ್ತ ಹೇಳಿದರು.

ಸಿದ್ದಕ್ಕನಿಗೆ ಒಂದು ನೇಮವಿತ್ತು. ದಿನಕ್ಕೊಬ್ಬರು ಹೊರಗಿನವರು ಅವಳ ಕೈಯಿಂದ ಉಣ್ಣಬೇಕು. ಅವರು ಉಂಡ ಮೇಲೆಯೇ ತಾನು ಉಣ್ಣಬೇಕು. ಅದೂ ಸಂಜೆಯ ದೀಪ ಹಚ್ಚುವುದರೊಳಗೆ ಆಗಬೇಕು. ದುಡ್ಡು ಕೊಟ್ಟು ರೊಟ್ಟಿ ಒಯ್ಯುವವರು ಲೆಕ್ಕಕ್ಕಿಲ್ಲ, ಮನೆಯವರೂ ಲೆಕ್ಕಕ್ಕಿಲ್ಲ. ಈ ನೇಮ ಹುಟ್ಟಿದ್ದು ಅವರು ದಾಂಡೇಲಿಯಲ್ಲಿ ಬಸ್ಸಿನಿಂದ ಇಳಿದ ದಿನ. ಹೊತ್ತು ಮುಳುಗುವ ವೇಳೆಗೆ ನಾಲ್ವರೂ ಗಂಟುಮೂಟೆಯ ಮೇಲೆ ಕುಳಿತಿದ್ದಾಗ ಗುಡಿಸಲೊಂದರಿಂದ ಯಾರೋ ಒಬ್ಬ ತಾಯಿ ಹೊರಬಂದು, ದೀಪ ಹಚ್ಚೂಕಿಂತ ಮೊದಲ ಉಂಡುಬಿಡ್ರಿ ಎಂದು ರೊಟ್ಟಿ, ಉಳ್ಳಾಗಡ್ಡಿ ಇಟ್ಟಳು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ಮುಂದಿನ ವಾರ ಸಿದ್ದಕ್ಕ ಹುಡುಕಿಕೊಂಡು ಹೋದಾಗ ಆ ಗುಡಿಸಲೂ ಇರಲಿಲ್ಲ, ಆ ತಾಯಿಯೂ ಇರಲಿಲ್ಲ. ಉಪಕಾರಿ ಸಿಗದಿದ್ದರೆ ಉಪಕಾರವನ್ನು ಯಾರಿಗೆ ತಿರುಗಿ ಮುಟ್ಟಿಸಬೇಕು? ಸಿದ್ದಕ್ಕ ಅಂದಿನಿಂದ ದಿನವೂ ಬಾಗಿಲಿಗೆ ಬಂದವರಿಗೆ ಮುಟ್ಟಿಸತೊಡಗಿದಳು. ಕೆಲಸ ಹುಡುಕಿ ಬರುವವರ ಊರು ಅದು, ಹಸಿದವರಿಗೆ ಬರವಿರಲಿಲ್ಲ. ನೇಮ ಒಂದು ದಿನವೂ ತಪ್ಪಲಿಲ್ಲ.

ಅರವತ್ತೆರಡನೆಯ ಇಸವಿಯ ಮಾತು. ಉಳವಿಯ ಜಾತ್ರೆ ಮುಗಿದು ಕೆಲವು ದಿನಗಳಾಗಿದ್ದವು. ಬರುವ ಬೇಸಿಗೆಗೆ ಮಾಲವ್ವನ ಮದುವೆ ಗೊತ್ತಾಗಿತ್ತು. ಗಂಡಿನ ಊರು ಅಣ್ಣಿಗೇರಿ. ಒಂದು ದಿನ ಮಾಲವ್ವ ಒಲೆಯ ಮುಂದೆ ಕುಳಿತು, ಇಷ್ಟು ವರ್ಷ ಕಾಡಿನ ಮಗ್ಗುಲಲ್ಲಿದ್ದೂ ಕಾಡನ್ನು ಕಂಡದ್ದು ಲಾರಿಯ ಮೇಲೆ ಕತ್ತರಿಸಿ ಹೇರಿಕೊಂಡು ಬಂದಾಗ ಮಾತ್ರ, ಅಣ್ಣಿಗೇರಿಯವರು ಕಾಡು ಹೇಗಿರುತ್ತದೆಂದು ಕೇಳಿದರೆ ಏನು ಹೇಳಲಿ ಎಂದಳು. ರಜೆಯ ದಿನ ಮಧ್ಯಾಹ್ನ ನಾಲ್ವರೂ ಕಾಡು ನೋಡಲು ಹೊರಡುವುದೆಂದು ಆಗಲೇ ತೀರ್ಮಾನವಾಯಿತು.

ಸಿದ್ದಕ್ಕ ಬುತ್ತಿ ಕಟ್ಟಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮದುವೆಯ ಹುಡುಗಿಯ ನೆಪದಲ್ಲಿ ಸಿಹಿಗೆಂದು ಒಂದಿಷ್ಟು ಮಾದಲಿ. ಅಂದಿನ ಅತಿಥಿಯ ಚಿಂತೆ ಅವಳಿಗೆ ಇರಲಿಲ್ಲ. ಜಾತ್ರೆ ಮುಗಿಸಿ ಉಳವಿಯಿಂದ ಹಿಂದಿರುಗುವ ಚಕ್ಕಡಿಗಳು ದಾರಿಯಲ್ಲಿ ಸಿಕ್ಕೇ ಸಿಗುತ್ತವೆ, ಅವರಲ್ಲಿ ಒಬ್ಬರನ್ನು ಮರದ ಕೆಳಗೆ ಕೂರಿಸಿ ಉಣಿಸಿದರಾಯಿತು ಎಂದು ಅವಳ ಲೆಕ್ಕ. ಆದರೆ ಚಕ್ಕಡಿಗಳೆಲ್ಲ ಹಿಂದಿನ ದಿನವೇ ದಾಟಿಹೋಗಿದ್ದವು. ರಸ್ತೆಯಲ್ಲಿ ಒಣಗಿದ ಸಗಣಿಯೂ ಎತ್ತು ತಿಂದು ಬಿಟ್ಟ ಕಣಿಕೆಯ ತುಂಡುಗಳೂ ಉಳಿದಿದ್ದವು, ಅಷ್ಟೇ. ಸಾಗವಾನಿ ಕಡಿಯುವವರಿಗೂ ಅಂದು ರಜೆ. ಬಿದಿರು ತರುವ ಮಣ್ಣಿನ ರಸ್ತೆ ಹಿಡಿದು ಅವರು ಒಳಗೊಳಗೆ ನಡೆದಷ್ಟೂ ಮನುಷ್ಯರ ಸುಳಿವು ಕಡಿಮೆಯಾಯಿತು.

ಕಾಡು ಮಾತ್ರ ಹಬ್ಬದ ಮನೆಯಂತಿತ್ತು. ಎಲೆ ಉದುರಿಸಿದ ಮುತ್ತುಗದ ಮರಗಳು ಮೈತುಂಬ ಕೆಂಪು ಹೂವು ಹೊತ್ತಿದ್ದವು. ಬಿದಿರ ಮೆಳೆಗಳು ಗಾಳಿಗೆ ಒಂದಕ್ಕೊಂದು ತಿಕ್ಕಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಮಲಕಪ್ಪ ತನಗೆ ಈ ಕಾಡಿನ ಮರಮರವೂ ಗೊತ್ತು ಎಂಬಂತೆ ಮುಂದೆ ನಡೆಯುತ್ತಿದ್ದ. ಮಾಲವ್ವ ಒಂದು ಮರದ ಹೆಸರು ಕೇಳಿದಾಗ ದುರ್ಗಪ್ಪ, ಅದನ್ನು ಲಾರಿಯ ಮೇಲೆ ಮಲಗಿಸಿ ತೋರಿಸಿದರಷ್ಟೇ ಅವನಿಗೆ ಗುರುತು ಹತ್ತುವುದು ಎಂದು ಚುಚ್ಚಿದ.

ಹೊತ್ತು ನೆತ್ತಿಯಿಂದ ಇಳಿಯಿತು. ಮಲಕಪ್ಪನ ಕಣ್ಣು ತಾನು ಹೊತ್ತ ಬುತ್ತಿಯ ಗಂಟಿನ ಮೇಲೆಯೇ ಇತ್ತು. ಕಿರಿಯರು ಉಣ್ಣಬಹುದು, ನೇಮ ತನಗೊಬ್ಬಳಿಗೆ ಎಂದು ಸಿದ್ದಕ್ಕ ಎಷ್ಟು ಹೇಳಿದರೂ ಅಕ್ಕನನ್ನು ಬಿಟ್ಟು ಉಣ್ಣುವ ರೂಢಿ ಅವರಿಗೆ ಇರಲಿಲ್ಲ. ಕೊನೆಗೆ ಮಲಕಪ್ಪ ದಾರಿಗೆ ಅಡ್ಡ ನಿಂತ.

"ಅಕ್ಕಾ, ಇವತ್ತೊಂದಿನ ನಾ ನಿನ್ನ ತಮ್ಮ ಅಲ್ಲ ಅಂತ ತಿಳಕೋಬೇ. ಯಾವನೋ ಹಾದಿಹೋಕ ಅದೇನಿ. ಕುಂದರಿಸಿ ಉಣಸು."

"ಹಾದಿಹೋಕ ಆದ್ರ ಗಂಟು ನನ್ನ ಕೈಯಾಗ ಕೊಟ್ಟು ಹಾದಿ ಹಿಡಿ," ಎಂದಳು ಸಿದ್ದಕ್ಕ.

ಆಗಲೇ ಅವಳ ಕಣ್ಣಿಗೆ ರಸ್ತೆಯಿಂದ ಇಳಿದುಹೋಗುವ ಅಗಲವಾದ ಕಾಲುದಾರಿಯೊಂದು ಬಿತ್ತು. ದಾರಿಯ ತುಂಬ ಗೊರಸಿನ ಗುರುತು. ಸಗಣಿ ಇನ್ನೂ ಹಸಿಯಾಗಿತ್ತು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಸ್ಪಷ್ಟವಾದ ಕರೆ ಬೇರೆ ಬೇಕೆ? ಅವರ ಊರಲ್ಲಿ ದನ ತುಳಿದ ದಾರಿ ಒಂದು ಮನೆಗೆ ಹೋಗುತ್ತದೆ, ಇಲ್ಲವೆ ಊರ ಕೆರೆಗೆ. ದನವಿದ್ದಲ್ಲಿ ಕಾಯುವವನು ಇರಲೇಬೇಕು, ಕಾಯುವವನಿಗೆ ಈ ಹೊತ್ತಿಗೆ ಹಸಿವೆಯೂ ಇರಬೇಕು. ಸಿದ್ದಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. ಮೂವರೂ ಹಿಂಬಾಲಿಸಿದರು.

ದಾರಿ ಒಂದು ನೀರಿನ ಮಡುವಿಗೆ ಹೋಗಿ ಮುಟ್ಟಿತು. ಆಚೆ ದಡದಲ್ಲಿ ಕರಿಯ ಮೈಯ ನಾಲ್ಕಾರು ಪ್ರಾಣಿಗಳು ನೀರು ಕುಡಿಯುತ್ತ ನಿಂತಿದ್ದವು. ಊರಲ್ಲಿ ಎಮ್ಮೆ ಕಟ್ಟಿ ಹಾಲು ಹಿಂಡಿದ ಸಿದ್ದಕ್ಕನ ಮನಸ್ಸು ಹಿಗ್ಗಿಹೋಯಿತು. ಮಿರಮಿರನೆ ಮಿಂಚುವ ಮೈ, ಗುಡ್ಡದಂಥ ಭುಜ, ಒಂದಕ್ಕೂ ಎಲುಬು ಕಾಣಿಸದು. ಎಮ್ಮೆ ಸಾಕಿದರೆ ಹೀಗೆ ಸಾಕಬೇಕು, ಇವುಗಳ ಯಜಮಾನ ಪುಣ್ಯವಂತ ಎಂದು ಅವಳು ಬಾಯಿತುಂಬ ಹೊಗಳಿದಳು. ಹೊಗಳಿ, ಕೈಗಳನ್ನು ಬಾಯಿಗೆ ಆನಿಸಿಕೊಂಡು ಕಾಡು ಮೊಳಗುವಂತೆ ಕೂಗಿದಳು.

"ಎಮ್ಮಿ ಕಾಯಾಂವಾ, ಎಲ್ಲಿ ಅದಿಯೋ ಯಪ್ಪಾ? ಬಾ, ಉಣ್ಣಾಕ ಬಾ!"

ಪ್ರಾಣಿಗಳು ಒಟ್ಟಿಗೆ ತಲೆ ಎತ್ತಿದವು. ಕೊರಳಲ್ಲಿ ಹಗ್ಗವಿಲ್ಲ, ಗಂಟೆಯಿಲ್ಲ. ಮೊಣಕಾಲಿನವರೆಗೆ ಕಾಲುಚೀಲ ತೊಟ್ಟಂತೆ ಬೆಳ್ಳಗಿರುವುದನ್ನು ಮೊದಲು ಗಮನಿಸಿದವಳು ಮಾಲವ್ವ. ಅವಳು ಅಕ್ಕನ ಸೆರಗು ಹಿಡಿದಳು. ಅಷ್ಟರಲ್ಲಿ ಬೆನ್ನ ಹಿಂದಿನ ಏರಿಯ ಮೇಲಿಂದ ಗಂಡಸಿನ ದನಿ, ಮಲಗಿದ ಕೂಸಿನ ಮಗ್ಗುಲಲ್ಲಿ ಆಡುವಷ್ಟು ಸಣ್ಣಗೆ, ಇಳಿದು ಬಂತು.

"ಅಕ್ಕಾರ, ಇನ್ನ ಕೂಗಬ್ಯಾಡ್ರಿ. ಅವು ಎಮ್ಮಿ ಅಲ್ರಿ, ಕಾಡಕೋಣ. ಬೆನ್ನ ತೋರಸದಂಗ ಹಿಂದಕ್ಕ ಹಿಂದಕ್ಕ ಹೆಜ್ಜಿ ಹಾಕ್ಕೋತ ಮ್ಯಾಲೆ ಬರ್ರಿ."

ನಾಲ್ವರೂ ಹಾಗೆಯೇ ಹಿಂದೆ ಸರಿದು ಏರಿ ಹತ್ತಿದರು. ಕೋಣಗಳು ಒಂದು ಗಳಿಗೆ ದಿಟ್ಟಿಸಿ ನೋಡಿ, ಇಂಥ ಕರೆಯೋಲೆ ತಮಗಲ್ಲವೆಂದು ತಿಳಿದವರಂತೆ ಮತ್ತೆ ನೀರಿಗೆ ಬಾಯಿ ಹಾಕಿದವು. ಮೇಲೆ, ಸುತ್ತಿಬಂದ ಅದೇ ಮಣ್ಣಿನ ರಸ್ತೆಯಲ್ಲಿ, ಬಿದಿರು ತುಂಬಿದ ಲಾರಿಯೊಂದು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಕರೆದವನು ಅದರ ಫಿಟ್ಟರ್, ಹಳಿಯಾಳದ ಗನಿಸಾಬ. ನಲವತ್ತರ ಆಸುಪಾಸಿನ, ಎಣ್ಣೆಮಸಿಯ ಕೈಗಳ, ನಗುಮೊಗದ ಮನುಷ್ಯ. ಹಿಂದಿನ ದಿನ ಹೇರು ತರುವಾಗ ಲಾರಿಯ ಪಾಟಾ, ಅಡಿಯಲ್ಲಿ ಭಾರ ಹೊರುವ ಉಕ್ಕಿನ ಪಟ್ಟಿ, ಮುರಿದಿತ್ತು. ಡ್ರೈವರ್ ಬೇರೆ ಪಾಟಾ ತರಲು ಹೋಗಿದ್ದ, ಸಂಜೆಗೆ ಇನ್ನೊಂದು ಲಾರಿಯಲ್ಲಿ ಬರುವವನಿದ್ದ. ಕೋಣಗಳು ಹತ್ತಿರವಿರುವಾಗ ಕಾಲ್ನಡಿಗೆಯಲ್ಲಿ ಹಿಂದಿರುಗುವುದು ಬೇಡ, ಲಾರಿ ಸರಿಯಾದ ಮೇಲೆ ಅದರಲ್ಲೇ ಊರು ಸೇರಬಹುದು ಎಂದು ಅವನು ಹೇಳಿದ.

ಸಿದ್ದಕ್ಕನಿಗೆ ಅರ್ಧ ಮಾತು ಕೇಳಿಸಲೇ ಇಲ್ಲ. ಅವಳ ಎದುರಿಗೆ ಹೊರಗಿನ ಮನುಷ್ಯನೊಬ್ಬ ನಿಂತಿದ್ದ. ಶಿವನೇ ಕೋಣಗಳನ್ನು ಮುಂದೆ ಮಾಡಿ ದಾರಿ ತೋರಿಸಿದ ಎಂದುಕೊಂಡು ಲಾರಿಯ ನೆರಳಲ್ಲಿ ಕುಳಿತು ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ, ಹಿಂಡಿ ಉದುರಿಸಿ, ಎರಡೂ ಕೈಯಿಂದ ನೀಡಿದಳು. ಗನಿಸಾಬ ಎದೆಯ ಮೇಲೆ ಕೈಯಿಟ್ಟು, ಈಗ ಬೇಡವೆಂದ. ದುರ್ಗಪ್ಪನ ಮೋರೆ ಸಣ್ಣದಾಯಿತು.

"ಯಾಕ್ರಿ ಸಾಬ್ರ, ನಮ್ಮ ಮನಿ ರೊಟ್ಟಿ ನಿಮಗ ನಡೆಯೂದಿಲ್ಲೇನು?"

"ತೋಬಾ, ತೋಬಾ. ನಡೀತಾವ್ರಿ. ಗಂಟ ಬಿಚ್ಚಿದಾಗಿಂದ ವಾಸನಿ ತಡೀಲಾರದ ನಾ ಮಾರಿ ಆ ಕಡೆ ಮಾಡಿ ನಿಂತೇನಿ. ರಂಜಾನ ನಡದೈತಿ, ನಾ ರೋಜಾ ಅದೇನ್ರಿ. ಹೊತ್ತು ಮುಳುಗೂತನಾ ನೀರೂ ಮುಟ್ಟಂಗಿಲ್ಲ."

ನೀಡಿದ ಕೈ ಹಾಗೆಯೇ ನಿಂತಿತು. ಇಡೀ ಕಾಡಿಗೆ ಸಿಕ್ಕವನು ಒಬ್ಬ, ಅವನೂ ಉಪವಾಸ. ಇಂಥ ಇಕ್ಕಟ್ಟನ್ನು ದೇವರಲ್ಲದೆ ಬೇರೆ ಯಾರೂ ಹೂಡಲಾರರು ಎಂದು ನಾನು ಇಂದಿಗೂ ನಂಬಿದ್ದೇನೆ. ಮಲಕಪ್ಪ ಮಾತ್ರ ಆ ಹೊತ್ತಿನಲ್ಲಿ ದೇವರ ಲೀಲೆಯನ್ನು ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ. ಅವನು ಲಾರಿಯ ಗಾಲಿಗೆ ಹಣೆ ಚಚ್ಚಿಕೊಂಡ.

ದುರ್ಗಪ್ಪ ಅಕ್ಕನ ನೇಮವನ್ನು ವಿವರಿಸಿದ. ಗನಿಸಾಬ ತಲೆ ತಗ್ಗಿಸಿ ಪೂರ್ತಿ ಕೇಳಿದ. ದೀಪ ಹಚ್ಚುವ ಮಾತು ಬಂದಾಗ, ಕಾಡಿನಲ್ಲಿ ದೀಪ ಹಚ್ಚುವವರು ಯಾರು ಎಂದು ಕೇಳಿದ. ಅದಕ್ಕೆ ಮಲಕಪ್ಪ, ಲಾರಿಯ ದೀಪವೂ ದೀಪವೇ, ಕಂದೀಲೂ ದೀಪವೇ, ಬೆಳಕು ಮೈಮೇಲೆ ಬಿತ್ತೆಂದರೆ ಮುಗಿಯಿತು, ತನ್ನ ಅಕ್ಕ ಬಿಡುವವಳಲ್ಲ ಎಂದು ನಿಟ್ಟುಸಿರಿಟ್ಟ. ಗನಿಸಾಬ ಬಾಡಿದ ಮಾಲವ್ವನ ಮುಖ ನೋಡಿದ, ಸಿದ್ದಕ್ಕನ ಕೈಯಲ್ಲಿದ್ದ ರೊಟ್ಟಿ ನೋಡಿದ. ಆಮೇಲೆ ನಿಧಾನವಾಗಿ, ಪ್ರವಾಸದಲ್ಲಿರುವವರು ರೋಜಾ ಬಿಡಬಹುದೆಂದೂ ಅದನ್ನು ಮುಂದೊಂದು ದಿನ ಹಿಡಿದು ತೀರಿಸುವ ಅವಕಾಶ ತಮ್ಮಲ್ಲಿ ಉಂಟೆಂದೂ ಹೇಳಿದ.

"ನಾನೂ ಮನಿ ಬಿಟ್ಟು ಕಾಡಿನ್ಯಾಗ ಅದೇನಿ. ನೀವು ಹೂಂ ಅಂದ್ರ ಒಂದು ತುತ್ತು ತಗೋತೇನ್ರಿ ಅಕ್ಕಾರ. ನಿಮ್ಮ ನೇಮಾ ಉಳೀಲಿ."

ಕೈಗೆಟುಕಿದ ಪರಿಹಾರ ಅದು. ಮೂವರು ಒಡಹುಟ್ಟಿದವರೂ ಸಿದ್ದಕ್ಕನ ಬಾಯಿ ನೋಡಿದರು. ಅವಳು ರೊಟ್ಟಿಯನ್ನು ಮತ್ತೆ ಬಟ್ಟೆಯೊಳಗೆ ಇಟ್ಟಳು.

"ಬ್ಯಾಡಣ್ಣಾ. ನಿಮ್ಮದು ಮುರದು ನಂದು ಉಳಿಸಿಕೊಂಡ್ರ ಅದು ನೇಮ ಹೆಂಗಾಗತೈತಿ? ಹೊತ್ತು ಮುಳುಗಲಿ. ಮುಳುಗಿದ ಮ್ಯಾಲೆ, ದೀಪ ಹಚ್ಚೂದರೊಳಗ ಒಂದೀಟು ಹೊತ್ತು ಇರತೈತಲ್ಲ, ಅಷ್ಟು ನನಗ ಸಾಕು."

ನನ್ನ ಓದುಗರೇ, ಪರರ ವ್ರತವನ್ನು ತನ್ನ ವ್ರತದಷ್ಟೇ ಜೋಪಾನ ಮಾಡುವ ಭಕ್ತಿ ಎಷ್ಟು ಜನರಲ್ಲಿದೆ? ಸಿದ್ದಕ್ಕನಿಗೆ ಇದನ್ನು ಯಾವ ಪ್ರವಚನಕಾರನೂ ಕಲಿಸಿರಲಿಲ್ಲ. ಅಂದು ಅವಳು ಕಳೆದುಕೊಳ್ಳಲು ಸಿದ್ಧಳಾದದ್ದು, ಆ ಹೆಸರಿಲ್ಲದ ತಾಯಿಗೆ ದಿನವೂ ಸಲ್ಲಿಸುತ್ತ ಬಂದ ತುತ್ತನ್ನು.

ಆ ಮಧ್ಯಾಹ್ನದ ಉಳಿದ ಹೊತ್ತು ಹೇಗೆ ಕಳೆಯಿತೆಂಬುದನ್ನು ಅವರು ಹೇಳುವಾಗಲೆಲ್ಲ ನಗು ಉಕ್ಕುತ್ತಿತ್ತು. ಗನಿಸಾಬ, ಬೆಳಿಗ್ಗೆ ಈ ಕಾಡಿನಲ್ಲಿ ರೋಜಾ ಇದ್ದವನು ತಾನೊಬ್ಬನೇ, ಈಗ ಐದು ಜನರಾದೆವು ಎಂದ. ಮಲಕಪ್ಪ ಹೊಟ್ಟೆಯಲ್ಲಿ ಸದ್ದಾಗುವಷ್ಟು ನೀರು ಕುಡಿದ. ಒಮ್ಮೆ ಮರಗಳಾಚೆಯಿಂದ ಬುಸ್ ಬುಸ್ ಎಂದು ಭಾರಿ ಸದ್ದು ಕೇಳಿಬಂದಾಗ ಲಾರಿ ಬಂತೆಂದು ಮಾಲವ್ವ ಎದ್ದು ನಿಂತಳು. ನೋಡಿದರೆ, ಕೊಂಬಿನಂಥ ದೊಡ್ಡ ಕೊಕ್ಕಿನ ಎರಡು ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿಯುತ್ತ ಸಾಗವಾನಿಯ ಮೇಲಿಂದ ಹಾದುಹೋದವು. ಅಣ್ಣಿಗೇರಿಯಲ್ಲಿ ಹೇಳಲು ಮಾಲವ್ವನಿಗೆ ಒಂದು ಸುದ್ದಿ ಸಿಕ್ಕಿತು. ಅಕ್ಕ ಕಾಡುಕೋಣವನ್ನು ಊಟಕ್ಕೆ ಕರೆದದ್ದನ್ನೂ ಹೇಳು ಎಂದ ದುರ್ಗಪ್ಪ. ಸಿದ್ದಕ್ಕ ಕೈಗೆ ಸಿಕ್ಕ ಒಣ ಎಲೆಗಳನ್ನು ಅವನ ಮೇಲೆ ತೂರಿದಳು. ಗನಿಸಾಬ ತನ್ನ ಹೆಂಡತಿ ರಹಿಮತಬಿಯ ಕತೆ ಹೇಳಿದ: ರೋಜಾದ ದಿನಗಳಲ್ಲಿ ಮಧ್ಯಾಹ್ನ ಅವಳು ಯಾರನ್ನೂ ಬೈಯಬಾರದೆಂದು ಬಾಯಿ ಬಿಗಿಹಿಡಿದು, ಸಂಜೆ ಒಂದು ಗುಟುಕು ನೀರು ಕುಡಿದವಳೇ ದಿನದ ಬೈಗುಳವನ್ನೆಲ್ಲ ಒಮ್ಮೆಗೆ ಮುಗಿಸುತ್ತಾಳಂತೆ.

ನೆರಳು ಉದ್ದವಾಯಿತು. ತಗ್ಗಿನಲ್ಲಿ ಆಗಲೇ ಮಬ್ಬು ಕವಿಯಿತು. ಮರಗಳ ನಡುವೆ ನಿಂತವರಿಗೆ ಹೊತ್ತು ಮುಳುಗಿತೋ ಇಲ್ಲವೋ ತಿಳಿಯದು. ಮಸೀದಿಯ ಬಾಂಗು ಕೇಳಿಸದಷ್ಟು ದೂರ ಬಂದಿದ್ದರು. ಗನಿಸಾಬನ ಕಾಲು ವಾಲಿದ ಲಾರಿಯ ಕೆಳಗೆ ಕೆಲಸ ಮಾಡಿ ಉಳುಕಿತ್ತು. ಹೀಗಾಗಿ, ಬಿದಿರಿನ ಹೇರನ್ನು ದಿನವೂ ಹತ್ತಿ ಇಳಿಯುವ ಮಲಕಪ್ಪನೇ ಹತ್ತಬೇಕಾಯಿತು. ಹೇರಿನ ತುದಿಯಿಂದ ಪಡುವಣ ಗುಡ್ಡದ ಅಂಚು ಬಯಲಾಗಿ ಕಾಣುತ್ತಿತ್ತು. ಐವರ ಹಸಿವೆಯೂ, ಎರಡು ನೇಮಗಳೂ ಎಲ್ಲರಿಗಿಂತ ಹಸಿದವನ ನಾಲಿಗೆಯ ಮೇಲೆ ನಿಂತವು.

"ಏನಾತೋ?" ಎಂದು ದುರ್ಗಪ್ಪ ಕೆಳಗಿನಿಂದ ಕೇಳಿದ.

ಇನ್ನೂ ಇದೆ ಎಂದ ಮಲಕಪ್ಪ. ಗನಿಸಾಬ ಸೊಂಟದ ಚೀಲದಿಂದ ಎರಡು ಉತ್ತತ್ತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಸಿದ್ದಕ್ಕ ರೊಟ್ಟಿಯ ಮೇಲೆ ಮತ್ತೆ ಎಣ್ಣೆಗಾಯಿ ಹಾಕಿ ಹಿಡಿದು ಕುಳಿತಳು.

ಹೇರಿನ ಮೇಲೆ ಮಲಕಪ್ಪ ಎದ್ದು ನಿಂತ. ಅವನ ಬಲಕ್ಕೆ ಗುಡ್ಡದ ಮೇಲೆ ಸೂರ್ಯನ ಅಂಚು ಉಳಿದಿತ್ತು. ಎಡಕ್ಕೆ ಮಬ್ಬು ಕವಿದ ತಗ್ಗಿನಲ್ಲಿ, ದೂರದ ತಿರುವಿನಿಂದ, ಲಾರಿಯೊಂದರ ಎರಡು ದೀಪಗಳು ಹೊರಳಿ ಬರುತ್ತಿದ್ದವು. ಡ್ರೈವರ್ ಬಂದಿದ್ದ. ಆ ಬೆಳಕು ಇಲ್ಲಿಗೆ ಮುಟ್ಟುವುದರೊಳಗೆ ಗನಿಸಾಬ ಅಕ್ಕನ ಕೈಯಿಂದ ಉಣ್ಣಬೇಕು. ಮುಳುಗಿತು ಎಂದು ಒಂದು ಮಾತು ಕೂಗಿದರೆ ಸಾಕು. ಕೆಳಗಿನವರಿಗೆ ಗೊತ್ತಾಗುವ ಮಾತಲ್ಲ. ತಿಂಡಿಯ ವಿಷಯದಲ್ಲಿ ಮಲಕಪ್ಪ ಮೊದಲಿನಿಂದಲೂ ಸತ್ಯಸಂಧನೆಂದು ಹೆಸರಾದವನಲ್ಲ. ನೆಲುವಿನ ಮೇಲಿನ ಬೆಲ್ಲಕ್ಕೆ ಇರುವೆ ಮುತ್ತಿತ್ತೆಂದು ಹೇಳಿ ತಾನೇ ಮುಗಿಸಿದವನು.

"ಅಕ್ಕಾ, ಲಾರಿ ಬರಾಕ ಹತ್ತೈತಿ. ದೀಪ ಹಚ್ಯಾರ."

ದುರ್ಗಪ್ಪ ಕೆಳಗಿನಿಂದ ಕೇಳಿದ. "ಹೊತ್ತು?"

"ಒಂದು ಉಗುರಿನಷ್ಟು ಐತಿ."

"ಖರೇ ಹೇಳು."

"ಖರೇನ ಹೇಳಾಕತ್ತೇನಿ. ಇನ್ನೂ ಐತಿ."

ಲಾರಿಯ ಸದ್ದು ಹತ್ತಿರವಾಯಿತು. ಮರದ ಬೊಡ್ಡೆಗಳ ಮೇಲೆ ಬೆಳಕಿನ ಪಟ್ಟೆಗಳು ಓಡಾಡತೊಡಗಿದವು. ಸಿದ್ದಕ್ಕ ಕಣ್ಣು ಮುಚ್ಚಿದಳು. ಕೊನೆಯ ತಿರುವಿಗೆ ಬಂದ ಡ್ರೈವರ್ ಅಲ್ಲಿ ಏರು ಕಡಿದಾಗಿರುವುದರಿಂದ ಗೇರು ಬದಲಿಸಲು ನಿಧಾನ ಮಾಡಿದ. ಆಗ ಮೇಲಿನಿಂದ ದನಿ ಬಂತು.

"ಹೋತು. ಮುಳುಗಿತು. ಉಣ್ರಿ ಸಾಬ್ರ!"

ಗನಿಸಾಬ ಬಿಸ್ಮಿಲ್ಲಾ ಎಂದು ಉತ್ತತ್ತಿಯ ಒಂದು ಚೂರು ಬಾಯಿಗಿಟ್ಟು ಒಂದು ಗುಟುಕು ನೀರು ಕುಡಿದ; ಮರುಕ್ಷಣವೇ ಸಿದ್ದಕ್ಕನ ಕೈಯ ರೊಟ್ಟಿ ಮುರಿದು ಎಣ್ಣೆಗಾಯಿಯೊಂದಿಗೆ ತಿಂದ. ಅವನು ಆ ತುತ್ತನ್ನು ನುಂಗುವುದಕ್ಕೂ ಲಾರಿಯ ಬೆಳಕು ತಿರುವು ದಾಟಿ ಐವರ ಮೇಲೆ ಬೀಳುವುದಕ್ಕೂ ಸರಿಹೋಯಿತು. ಡ್ರೈವರ್ ಇಳಿದು ಬಂದು, ಕಾಡಿನ ನಟ್ಟನಡುವೆ ಫಿಟ್ಟರ್ ಸಾಹೇಬರು ನೆಂಟರೊಂದಿಗೆ ಊಟಕ್ಕೆ ಕುಳಿತಿರುವುದನ್ನು ಕಂಡು ಬೆರಗಾದ. ಸಿದ್ದಕ್ಕ ಅವನ ಕೈಗೂ ಒಂದು ರೊಟ್ಟಿ ಕೊಟ್ಟು, ಆಮೇಲೆ ತಾನು ಮೊದಲ ತುತ್ತು ಎತ್ತಿದಳು.

ರೋಜಾ ಬಿಡಿಸಿದವರಿಗೆ ರೋಜಾ ಹಿಡಿದಷ್ಟೇ ಪುಣ್ಯವೆಂದು ತಮ್ಮ ಹಿರಿಯರು ಹೇಳುತ್ತಾರೆಂದ ಗನಿಸಾಬ. ತನ್ನ ನೇಮ ಉಳಿಸಿದ ಪುಣ್ಯ ಗನಿಸಾಬನದೆಂದಳು ಸಿದ್ದಕ್ಕ. ಇಬ್ಬರೂ ಪುಣ್ಯವನ್ನು ಒಬ್ಬರ ಕಡೆಗೊಬ್ಬರು ತಳ್ಳುತ್ತಿರುವಾಗ ಹೇರಿನ ಮೇಲಿಂದ ಮಲಕಪ್ಪ, ಪುಣ್ಯ ಯಾರಾದರೂ ಇಟ್ಟುಕೊಳ್ಳಿ, ತನಗೆ ಎಣ್ಣೆಗಾಯಿ ಉಳಿಸಿದ್ದೀರೋ ಇಲ್ಲವೋ ಎಂದು ಕೇಳಿದ. ಗನಿಸಾಬ ನಕ್ಕು, "ಇಳದ ಬಾರೋ ತಮ್ಮಾ. ಇವತ್ತ ನೀ ಸುಳ್ಳ ಹೇಳಿದ್ರ ನಾವಿಬ್ಬರೂ ಕೆಟ್ಟಿದ್ವಿ," ಎಂದ. ಉಳಿದ ಇನ್ನೊಂದು ಉತ್ತತ್ತಿಯನ್ನು ಮದುವೆಯ ಹುಡುಗಿಗೆಂದು ಮಾಲವ್ವನ ಕೈಯಲ್ಲಿಟ್ಟ. ಮಾದಲಿಯ ದೊಡ್ಡ ಪಾಲು ಅಂದು ಮಲಕಪ್ಪನಿಗೆ ಹೋಯಿತು. ಯಾರೂ ತಕರಾರು ತೆಗೆಯಲಿಲ್ಲ.

ಮಾಲವ್ವನ ಮದುವೆಗೆ ಗನಿಸಾಬ ಮತ್ತು ರಹಿಮತಬಿ ಅಣ್ಣಿಗೇರಿಯವರೆಗೂ ಹೋಗಿಬಂದರು. ಅಂದಿನಿಂದ ಪ್ರತಿ ರಂಜಾನಿನಲ್ಲಿ ಒಂದು ದಿನ ಸಿದ್ದಕ್ಕನ ಅತಿಥಿಗಳು ಆ ಗಂಡಹೆಂಡಿರೇ. ಅಂದು ಅವಳು ಮಧ್ಯಾಹ್ನ ಯಾರಿಗೂ ನೀಡುತ್ತಿರಲಿಲ್ಲ, ತಾನೂ ಉಣ್ಣುತ್ತಿರಲಿಲ್ಲ. ಸಂಜೆಯವರೆಗೆ ಚಾಳಿನ ಕೋಣೆಯಲ್ಲಿ ಕಂದೀಲಿನ ಗಾಜು ಒರೆಸಿ, ಬತ್ತಿ ಕತ್ತರಿಸಿ, ಹಚ್ಚದೆ ಇಟ್ಟುಕೊಂಡು ಕಾಯುತ್ತಿದ್ದಳು. ಮಸೀದಿಯ ಬಾಂಗು ಚಾಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಆ ಸಂಜೆ ಮಲಕಪ್ಪ, ಮದುವೆಯಾದ ಮೇಲೆ ತನ್ನ ಹೆಂಡತಿ ಬೈದರೂ ಕೇಳದೆ, ಚಾವಣಿಯ ಹಂಚಿನ ಮೇಲೆ ಹತ್ತಿ ಕುಳಿತು, ಸೂರ್ಯ ಮುಳುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕೆಳಗಿನವರಿಗೆ ಅಪ್ಪಣೆ ಕೊಡುತ್ತಿದ್ದ.